ಖಾಲಿ ಮೈಕಿನ ಟ್ರ್ಯಾಕ್

ದೆವ್ವ, ಆತ್ಮ ಎಂದರೆ ನಗುವವರ ಪೈಕಿ ನಾನು. ಅನುಮಾನ ನನ್ನ ಹುಟ್ಟುಗುಣ. ಆಟೋ ಮೀಟರಿನಿಂದ ಹಿಡಿದು ಗಂಡನ ಗೊರಕೆಯವರೆಗೆ ಯಾವುದನ್ನೂ ನಾನು ಸುಮ್ಮನೆ ನಂಬಿದವಳಲ್ಲ. ಅದೂ ಅಲ್ಲದೆ ಸದ್ದಿನ ಜೊತೆ ಕೆಲಸ ಮಾಡುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮೈಕಿನಲ್ಲಿ ಏನೇ ವಿಚಿತ್ರ ಕೇಳಿಸಿದರೂ, ಹುಡುಕಿದರೆ ಒಂದು ಸಡಿಲ ವೈರೋ, ಮೇಲಿನ ಮನೆಯ ಕುಕ್ಕರೋ ಸಿಕ್ಕೇ ಸಿಗುತ್ತದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕು ಎಂದು ಒತ್ತಾಯವಿಲ್ಲ. ನಾನು ನಂಬಿದ್ದೇನೋ ಇಲ್ಲವೋ ನನಗೇ ತಿಳಿದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು 'ಕಟ್ಟಕಡೆಯ ಠಾಣೆ' ಎಂಬ ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಸೌರಮಂಡಲದ ಅಂಚಿನಲ್ಲೊಂದು ಸಂಪರ್ಕ ಠಾಣೆ, ಅಲ್ಲೊಬ್ಬ ವಯಸ್ಸಾದ ಮುಖ್ಯಾಧಿಕಾರಿ, ಅವನ ಕೈಕೆಳಗೆ ಕೆಲಸ ಮಾಡುವ ಒಬ್ಬ ಯುವತಿ. ಅತ್ತೆ-ಸೊಸೆಯರ ಜಗಳದ ನಡುವೆ ಇದನ್ನು ಯಾರು ನೋಡುತ್ತಾರೆ ಎಂದು ನಾವೇ ಅಂದುಕೊಂಡಿದ್ದೆವು. ಜನ ನೋಡಿದರು, ಮುಖ್ಯಾಧಿಕಾರಿಯ ಪಾತ್ರ ಮಾಡಿದ ವಿಶ್ವಾರಾಧ್ಯರ ದನಿಗಾಗಿ. ರಂಗಭೂಮಿಯಿಂದ ಬಂದ ಹಿರಿಯರು. ಜೊತೆಗಿದ್ದವರು ಮಾತು ಮರೆತರೆ ತುಟಿ ಅಲ್ಲಾಡಿಸದೆ ಆ ಸಾಲಿನ ಮೊದಲ ಒಂದೆರಡು ಪದವನ್ನಷ್ಟೇ ಹೇಳಿಕೊಡುತ್ತಿದ್ದರು. ಉಳಿದದ್ದು ತಾನಾಗಿ ಬರುತ್ತದೆ ಎನ್ನುತ್ತಿದ್ದರು.

ಧಾರಾವಾಹಿ ಮುಗಿದ ಸ್ವಲ್ಪ ದಿನಕ್ಕೆ ಅವರು ತೀರಿಕೊಂಡರು. ಆಮೇಲೆ ಅದೇ ಕಥೆಯನ್ನು ಮುಂದುವರಿಸಿ ಮೊಬೈಲ್ ಆ್ಯಪ್‌ಗೆ ಒಂದು ಆಡಿಯೋ ನಾಟಕ ಮಾಡುವ ಯೋಚನೆ ಬಂತು. ಬರವಣಿಗೆ, ನಿರ್ದೇಶನ ಎರಡೂ ನನ್ನ ತಲೆಗೇ ಬಿದ್ದವು. ನಿರ್ಮಾಪಕರು ಬಹಳ ಉತ್ಸಾಹದಿಂದ, "ಈಗ ಎಐ ಇದೆಯಲ್ಲ ಮೇಡಂ, ಹಳೇ ಎಪಿಸೋಡ್ ಹಾಕಿದ್ರೆ ಸಾರ್ ದನೀಲೇ ಎಲ್ಲಾ ಹೇಳ್ಸಬಹುದು" ಎಂದರು.

ಒಪ್ಪಿಗೆ ಕೇಳಲು ಜಯನಗರದ ಅವರ ಮನೆಗೆ ಹೋದೆ. ಅವರ ಹೆಂಡತಿ ಸರ್ವಮಂಗಳಮ್ಮ ಕಾಫಿ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ, "ಬೇಡ ಕಣೆ. ಅವರು ಆಡದೇ ಇರೋ ಮಾತನ್ನ ಅವರ ದನೀಲಿ ನಾನು ಕೇಳಬಾರದು" ಎಂದರು. ಯಂತ್ರದಿಂದ ಒಂದೇ ಒಂದು ಅಕ್ಷರವನ್ನೂ ಆಡಿಸುವುದಿಲ್ಲ, ಮೊದಲು ನಿಮಗೆ ಕೇಳಿಸಿಯೇ ಬಿಡುಗಡೆ ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಕಥೆಯನ್ನು ಬದಲಿಸಿದೆ. ಮುಖ್ಯಾಧಿಕಾರಿ ಈಗ ದೀರ್ಘನಿದ್ರೆಯ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ಅವನ ಸಹಾಯಕಿ ದಿನವೂ ಬಂದು ಅವನೆದುರು ಮಾತಾಡಿ ಹೋಗುತ್ತಾಳೆ. ಸಹಾಯಕಿಯ ಪಾತ್ರದ ನಂದಿನಿ, "ಗೋಡೆ ನೋಡ್ಕೊಂಡು ಹೇಗೆ ಮಾತಾಡ್ಲಿ ಮೇಡಂ? ಡಬ್ಬಿಂಗ್ ಮಾಡೋವಾಗ ಸಾರ್ ನಿಲ್ತಿದ್ದ ಜಾಗದಲ್ಲಿ ಅವರ ಮೈಕ್ ಆದ್ರೂ ಇಡಿ" ಎಂದಳು. ಇಟ್ಟೆವು. ಸೌಂಡ್ ಎಂಜಿನಿಯರ್ ಮಧು ಹಳೆಯ ರೂಢಿಯಲ್ಲಿ ಆ ಮೈಕಿನ ಸದ್ದೂ ಬೇರೆಯಾಗಿ ದಾಖಲಾಗುವಂತೆ ಅದಕ್ಕೊಂದು ಟ್ರ್ಯಾಕ್ ತೆರೆದುಬಿಟ್ಟಿದ್ದ. ಖಾಲಿ ಮೈಕಿಗೆ ಟ್ರ್ಯಾಕ್ ಯಾಕೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಜೆ.ಪಿ. ನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ ನಮ್ಮ ಸ್ಟುಡಿಯೋ, ಧಾರಾವಾಹಿಯ ಡಬ್ಬಿಂಗ್ ಕೂಡ ಅಲ್ಲೇ ಆಗಿದ್ದು. ಆ ದಿನ ನಂದಿನಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ಬಂದಳು. ಅವಳಿಗೆ ಕಾಯುತ್ತಾ ಕೂತವಳು ಕೊನೆಯ ದೃಶ್ಯದ ಒಂದು ಸಾಲನ್ನು ಬದಲಿಸಿದೆ. ಬಂದ ಕೂಡಲೇ ಅವಳಿಗೆ ಬಾಯಲ್ಲೇ ಹೇಳಿದೆ. "ಉತ್ತರ ಬರದಿದ್ರೂ ಪರವಾಗಿಲ್ಲ ಸಾರ್, ನಾನು ಮಾತಾಡ್ತಾನೇ ಇರ್ತೀನಿ." ಅದು ನನಗೂ ಅವಳಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಧು ಆಗ ಊಟಕ್ಕೆ ಹೋಗಿದ್ದ.

ಟೇಕ್ ಶುರುವಾಯಿತು. ಸರಿಯಾಗಿ ಆ ಸಾಲಿಗೆ ಬಂದು ನಂದಿನಿ ನಿಂತುಬಿಟ್ಟಳು. ಗಾಜಿನ ಈಚೆ ನಾನು ಕಾಯುತ್ತಾ ಕೂತೆ. ಒಂದು ಕ್ಷಣ ಬಿಟ್ಟು ಆ ಸಾಲನ್ನು ಅವಳು ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನ್ನ ಕಣ್ಣು ತುಂಬಿತು. ಹೊರಗೆ ಬಂದವಳು, "ಹೇಳ್ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಪೂರ್ತಿ ಬ್ಲ್ಯಾಂಕ್ ಆಗ್ಬಿಟ್ಟಿದ್ದೆ" ಎಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಗಾಜಿನ ಆಚೆಯವರಿಗೆ ಕೇಳಿಸುವ ನನ್ನ ಮೈಕ್ ಆಫ್ ಆಗಿತ್ತು. ಏನೋ ಗಡಿಬಿಡಿಯಲ್ಲಿ ಹೇಳುತ್ತಿದ್ದಾಳೆಂದು ಸುಮ್ಮನಾದೆ.

ಎಡಿಟಿಂಗ್‌ಗೆ ಕೂತಾಗ ಮಧು ಖಾಲಿ ಮೈಕಿನ ಟ್ರ್ಯಾಕನ್ನು ತೆಗೆದುಹಾಕಲು ಹೋದವನು ತಡೆದು ನಿಂತ. "ಮೇಡಂ, ಇಲ್ಲೇನೋ ಇದೆ" ಎಂದು ಹೆಡ್‌ಫೋನ್ ನನ್ನ ಕೈಗೆ ಕೊಟ್ಟ. ನಂದಿನಿಯ ದನಿ ದೂರದಲ್ಲಿ ಕೇಳುತ್ತಿತ್ತು. ಅವಳು ನಿಂತಳು. ಆಗ ಬಹಳ ಹತ್ತಿರದಲ್ಲಿ, ಮೈಕಿಗೆ ತುಟಿ ತಾಗಿಸಿದಷ್ಟು ಹತ್ತಿರದಲ್ಲಿ, "ಉತ್ತರ ಬರದಿದ್ರೂ..." ಎಂದಿತು. ವಿಶ್ವಾರಾಧ್ಯರ ದನಿ.

ನನಗೆ ಮೊದಲು ಭಯವಾಗಲಿಲ್ಲ, ಸಿಟ್ಟು ಬಂತು. ಮಧುವನ್ನು ಹಿಡಿದು ಝಾಡಿಸಿದೆ. ನಿರ್ಮಾಪಕರು ಹೇಳಿ ಮಾಡಿಸಿದರಾ, ಯಾವ ಆ್ಯಪಿನಲ್ಲಿ ಮಾಡಿದೆ ಎಂದೆಲ್ಲ ಕೇಳಿದೆ. "ನನ್ನ ಮಕ್ಕಳಾಣೆ ಮೇಡಂ, ನಾನಲ್ಲ. ಆ ಸಾಲೇ ನಂಗೆ ಗೊತ್ತಿರ್ಲಿಲ್ವಲ್ಲ" ಎಂದ ಪಾಪ. ಅವನ ಕಂಪ್ಯೂಟರನ್ನು ಬೇರೊಬ್ಬರಿಂದ ತಡಕಾಡಿಸಿದೆ. ನಂದಿನಿಯನ್ನೂ ಬಿಡಲಿಲ್ಲ. ನಿರ್ಮಾಪಕರು ಕೇಳಿಸಿಕೊಂಡು, "ಸೂಪರ್ ಆಗಿದೆ, ಹಾಗೇ ಇಡಿ" ಎಂದಾಗ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಆದರೆ ಯಾರಿಂದಲೂ ಏನೂ ಹೊರಬೀಳಲಿಲ್ಲ. ಅಷ್ಟರಲ್ಲಿ ಸ್ಟುಡಿಯೋದಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು.

ಮಾತು ಕೊಟ್ಟಿದ್ದೆನಲ್ಲ, ಲ್ಯಾಪ್‌ಟಾಪ್ ತೆಗೆದುಕೊಂಡು ಜಯನಗರಕ್ಕೆ ಹೋದೆ. ಸರ್ವಮಂಗಳಮ್ಮ ಒಂದು ಸಲ ಕೇಳಿದರು. ಮುಖ ಬಿಳಿಚಿಕೊಂಡಿತು.

"ಯಾವತ್ತಿನ ಹಾಗೇ ಬಾಯಲ್ಲಿ ಲವಂಗ ಇಟ್ಕೊಂಡಿದ್ದಾರೆ. ಹಲ್ಲಿಗೆ ತಾಗೋ ಸದ್ದು ಕೇಳು. ಇಷ್ಟೆಲ್ಲ ಮಾಡೋಕೆ ಬರುತ್ತಾ ನಿಮ್ಮ ಮಿಷಿನ್‌ಗೆ?"

"ನಾವು ಮಾಡಿದ್ದಲ್ಲ ಅಮ್ಮಾ. ಯಾರು ಮಾಡಿದ್ದೋ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ಮಾತು ಕೊಟ್ಟಿದ್ದೆ ನೀನು."

ಮಧುವನ್ನು ನಾನು ಹೇಗೆ ನೋಡಿದ್ದೆನೋ ಹಾಗೇ ಅವರು ನನ್ನನ್ನು ನೋಡಿದರು. ನಿಜ ಹೇಳುತ್ತಿರುವಾಗಲೂ ಕಳ್ಳಿಯ ಹಾಗೆ ಕೂತಿರುವ ಕಷ್ಟ ಆವತ್ತು ನನಗೆ ಅರ್ಥವಾಯಿತು. "ಅಳಿಸು" ಎಂದರು. ಅವರೆದುರಿಗೇ ಅಳಿಸಿದೆ. ಮಧುವಿನ ಬಳಿಯಿದ್ದ ಪ್ರತಿಯನ್ನೂ ನಿಂತು ಅಳಿಸಿಹಾಕಿಸಿದೆ. ನಿರ್ಮಾಪಕರ ಮುನಿಸು ಕಟ್ಟಿಕೊಂಡರೂ ಆ ಜಾಗದಲ್ಲಿ ಬರೀ ಮೌನ ಇಟ್ಟು ಬಿಡುಗಡೆ ಮಾಡಿಸಿದೆ.

ನಾಟಕ ಆ್ಯಪಿನಲ್ಲಿ ಬಂದ ಮೇಲೆ ಸರ್ವಮಂಗಳಮ್ಮ ಫೋನ್ ಮಾಡಿ, ಮನೆಗೆ ಬಾ ಎಂದರು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಅವರ ಮುಖ ಗೆಲುವಾಗಿತ್ತು.

"ಅಳಿಸಿರ್ಲಿಲ್ಲ ಅಲ್ವಾ ನೀನು? ಕಳ್ಳಿ. ಇರ್ಲಿ ಬಿಡು, ನಾನೇನೂ ಬೈಯಲ್ಲ. ದಿನಾ ಸಾಯಂಕಾಲ ಹಾಕ್ಕೊಂಡು ಕೇಳ್ತಿದೀನಿ" ಎಂದು ಫೋನಿನಲ್ಲಿ ಆ ದೃಶ್ಯ ಹಾಕಿದರು.

ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಕೇಳಿದೆವು. ನಂದಿನಿ ನಿಂತಳು. ಮೌನ. ಆ ಮೌನದ ನಡುವೆ ಸರ್ವಮಂಗಳಮ್ಮ ನನ್ನ ಕೈ ಹಿಡಿದು, ತಲೆದೂಗಿ, ನಕ್ಕರು.

"ಕೇಳಿಸ್ತಲ್ಲ?"

ನನಗೆ ಏನೂ ಕೇಳಿಸಿರಲಿಲ್ಲ. ಬೀದಿಯಲ್ಲಿ ಹೂ ಮಾರುವವಳು ಕೂಗಿದ್ದು ಮಾತ್ರ ಕೇಳಿಸಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದ ಆ ಮುಖ ನೋಡಿ, "ಕೇಳಿಸ್ತು ಅಮ್ಮಾ" ಎಂದೆ.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು ಪುನಃ ಪುನಃ ಕೇಳಿದೆ, ನಾನೇ ಇಟ್ಟ ಮೌನ ಬಿಟ್ಟರೆ ಅಲ್ಲೇನೂ ಇರಲಿಲ್ಲ. ಮಧು ಇನ್ನೊಂದು ಪ್ರತಿ ಇಟ್ಟುಕೊಂಡು ಅವರಿಗೇ ಕಳಿಸಿರಬಹುದೇ ಎಂಬ ಅನುಮಾನ ಈಗಲೂ ಇದೆ. ಆದರೆ ಅವರು ಹಾಕಿದ್ದು ಅದೇ ಆ್ಯಪಿನಲ್ಲಿ, ಪಕ್ಕದಲ್ಲಿ ಕೂತಿದ್ದವಳು ನಾನು. ಈಗಲೂ ಆಗಾಗ ಆ ದೃಶ್ಯ ಹಾಕುತ್ತೇನೆ. ನಂದಿನಿ ನಿಲ್ಲುತ್ತಾಳೆ, ನಾನು ವಾಲ್ಯೂಮ್ ಪೂರ್ತಿ ಹೆಚ್ಚಿಸಿ ಕಾಯುತ್ತೇನೆ.