ಗಾಳಿಯಲ್ಲಿ ಒಂದೂಕಾಲು ಗಂಟೆ

ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ರುಬ್ಬುಗುಂಡಿನಡಿ ಸಿಕ್ಕಿದ್ದವಂತೆ. ಕಂಪ್ಯೂಟರನ್ನು ಎಡಗೈಯಲ್ಲೇ ಒತ್ತುತ್ತಾ ಕೂತಿರುತ್ತಿದ್ದರು. ಮೈಸೂರಿನ ಲಷ್ಕರ್ ಮೊಹಲ್ಲಾದ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಬಸ್ಸು, ರೈಲು, ವಿಮಾನ, ಯಾವ ಟಿಕೆಟ್ಟು ಬೇಕಾದರೂ ಅಲ್ಲಿ ಸಿಗುತ್ತಿತ್ತು. ನಮಗೆಲ್ಲ ಅವರು ಟಿಕೆಟ್ಟಮ್ಮ.

ಬರಿಯ ಟಿಕೆಟ್ಟು ಕೊಟ್ಟು ಅವರು ಯಾರನ್ನೂ ಕಳಿಸಿದವರಲ್ಲ. ಇಳಿದ ಮೇಲೆ ಹೇಗೆ ಹೋಗುತ್ತೀರಿ, ಯಾರಾದರೂ ಬರುತ್ತಾರಾ ಎಂದು ಕೇಳುತ್ತಿದ್ದರು. ಆ ಊರಿನ ಗೊತ್ತಿದ್ದ ಆಟೋದವನ ನಂಬರನ್ನು ಟಿಕೆಟ್ಟಿನ ಹಾಳೆಯ ಹಿಂದೆ ಬರೆದುಕೊಡುತ್ತಿದ್ದರು. ತಾವು ಮಾತ್ರ ವಿಮಾನ ಹತ್ತಿದವರಲ್ಲ. ನೆಲದ ಮೇಲೇ ತಲೆ ಸುತ್ತುತ್ತೆ ಎಂದು ನಗುತ್ತಿದ್ದರು.

ಆಗ ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನವಿತ್ತು. ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಅತ್ತಿಗೆಯ ಫೋನು ಬಂತು: ಆಸ್ಪತ್ರೆಯಲ್ಲಿರುವ ಅಣ್ಣ ನಿನ್ನನ್ನೇ ಕೇಳುತ್ತಿದ್ದಾರೆ, ಬೇಗ ಬಾ. ನೇರ ಟಿಕೆಟ್ಟಮ್ಮನ ಅಂಗಡಿಗೆ ಓಡಿ ವಿಷಯ ಹೇಳಿದೆ. ಸಂಜೆಯ ರೈಲಿಗೆ ಒಂದು ಸೀಟಿತ್ತು. ರಾತ್ರಿಯೆಲ್ಲ ರೈಲಿನಲ್ಲಿ ಒದ್ದಾಡುವುದು ನನಗೆ ಬೇಡವಾಗಿತ್ತು. ನಾಳೆ ಬೆಳಗಿನ ವಿಮಾನಕ್ಕೆ ಕೊಡಿ, ನಾನೂರು ಕಿಲೋಮೀಟರೂ ಇಲ್ಲ, ಒಂದೂಕಾಲು ಗಂಟೆ ಅಷ್ಟೆ ಎಂದೆ.

"ಗಾಳೀಲಿ ಒಂದೂಕಾಲು ಗಂಟೆ ಕಣ್ರೀ," ಎಂದರು. "ನಿಮ್ಮನೆ ಬಾಗ್ಲಿಂದ ಅವ್ರ ಮಂಚದ ಹತ್ರಕ್ಕೆ ಎಷ್ಟಾಯ್ತದೆ? ಈ ಚಳೀಲಿ ಮಂಜು ಬೇರೆ. ರೈಲಿಗೆ ಹೊಂಟ್ಬುಡಿ ಸರ್, ಬೆಳಕು ಹರಿಯೋಷ್ಟರಲ್ಲಿ ಅಲ್ಲಿರ್ತೀರ."

ನಾನು ಹಟ ಬಿಡಲಿಲ್ಲ. ಅವರು ಟಿಕೆಟ್ಟು ಮಾಡಿಕೊಟ್ಟರು.

ಮರುದಿನ ಚಾಮುಂಡಿ ಬೆಟ್ಟವೇ ಕಾಣದಷ್ಟು ಮಂಜು. ವಿಮಾನ ಹೊರಡದೆ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂತೆ. ಹುಬ್ಬಳ್ಳಿ ಮುಟ್ಟಿದಾಗ ಅಣ್ಣ ಇರಲಿಲ್ಲ. ಬೆಳಗ್ಗೆ ಎಂಟರವರೆಗೂ ಎಚ್ಚರವಿದ್ದು, ಬಾಗಿಲ ಕಡೆಗೇ ನೋಡುತ್ತಿದ್ದ ಎಂದು ಅತ್ತಿಗೆ ಹೇಳಿದರು.

ಕಾರ್ಯ ಮುಗಿಸಿ ಬಂದವನು ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ ಅವರ ಮೇಲೆ ಹರಿಹಾಯ್ದೆ. ಮಂಜಿರುತ್ತದೆಂದು ಗೊತ್ತಿದ್ದೂ ಟಿಕೆಟ್ಟು ಯಾಕೆ ಕೊಟ್ಟಿರಿ, ಗಟ್ಟಿಯಾಗಿ ಹೇಳಬಾರದಿತ್ತೇ ಎಂದು ಕೇಳಿದೆ. ಅವರು ಎದ್ದು ನನಗೊಂದು ಲೋಟ ನೀರು ತಂದಿಟ್ಟರು.

"ಹೌದು ಸರ್. ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ನಾನು."

ತಪ್ಪು ಯಾರದೆಂದು ಆ ಕ್ಷಣವೇ ನನಗೆ ಗೊತ್ತಿತ್ತು. ನೀರು ಕುಡಿಯದೆ ಬಂದುಬಿಟ್ಟೆ. ಆಮೇಲೆ ಟಿಕೆಟ್ಟುಗಳನ್ನು ಫೋನಿನಲ್ಲೇ ಮಾಡಿಕೊಂಡೆ. ಆ ಗಲ್ಲಿಗೆ ಕಾಲಿಡಲು ಮುಖವಿರಲಿಲ್ಲ.

ಎರಡು ವರ್ಷದ ಮೇಲೆ, ಧೈರ್ಯ ಮಾಡಿ ಹೋದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಟಿಕೆಟ್ಟಮ್ಮ ತೀರಿಕೊಂಡು ತಿಂಗಳಾಯಿತು ಎಂದ ಪಕ್ಕದ ವೀಳ್ಯದೆಲೆಯವನು, ಇನ್ನೊಂದು ಮಾತೂ ಹೇಳಿದ. ಕಾಯಿಲೆಯವರನ್ನು ನೋಡಲು ಹೊರಟವರು ಬಂದರೆ ಅವರು ಜಗಳವಾಡಿಯಾದರೂ ಮೊದಲು ಹೊರಡುವ ಬಸ್ಸಿಗೋ ರೈಲಿಗೋ ಹತ್ತಿಸುತ್ತಿದ್ದರಂತೆ. "ನಾನು ಮೆತ್ತಗೆ ಹೇಳಿ ಒಬ್ರಿಗೆ ಅಣ್ಣನ ಮುಖ ತಪ್ಪಿಸ್ಬುಟ್ಟೆ ಅಂತಿದ್ರು," ಎಂದ.

ಅವನಿಂದ ವಿಳಾಸ ಪಡೆದು ಕುಂಬಾರಕೊಪ್ಪಲಿನ ಅವರ ಮನೆಗೆ ಹೋದೆ. ಅವರ ಮಗಳ ಮುಂದೆ ಕೂತು, ನಿಮ್ಮ ತಾಯಿ ಸರಿಯಾಗಿಯೇ ಹೇಳಿದ್ದರು, ಕೇಳದವನು ನಾನು ಎಂದೆ.

"ಅಮ್ಮ ಇದ್ದಾಗ ಬರ್ಬೋದಿತ್ತು ಸರ್," ಎಂದರು ಮಗಳು.

ನನ್ನ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ.