ಸುತ್ತಿಗೆಯ ಎರಡನೆಯ ಬಾಳು

ಲಾರಿ ಟೈರು ಬಿಚ್ಚಿ ಹಾಕುವ ಅಂಗಡಿಯವನನ್ನು ಬೀದಿಯೆಲ್ಲ 'ಸುತ್ತಿಗೆ' ಎಂದೇ ಕರೆಯುತ್ತಿತ್ತು. ಮಾತಿಗಿಂತ ಮೊದಲು ಕೈ ಓಡಿಸುವ ಆಸಾಮಿ. ನಟ್ಟು ಸಡಿಲವಾಗಿದೆ ಎಂದು ತಕರಾರು ತೆಗೆದ ಡ್ರೈವರನೊಬ್ಬನ ಮುಂದಿನ ಹಲ್ಲುಗಳನ್ನು ಒಂದೇ ಗುದ್ದಿಗೆ ಉದುರಿಸಿದ್ದ. ಹೆಂಡತಿಯ ಮಣಿಕಟ್ಟು ಸೊಟ್ಟಗಾದದ್ದೂ ಅವನಿಂದಲೇ.

ಒಂದು ದಿನ ಗಾಳಿ ತುಂಬುತ್ತಿದ್ದಾಗ ರಿಮ್ಮಿನ ಕಬ್ಬಿಣದ ಬಳೆ ಸಿಡಿದು ಅವನ ಹಣೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಹೆಂಡತಿಯನ್ನು ನೋಡಿ, "ನೀವು ಯಾರಮ್ಮಾ?" ಎಂದ. ಹಳೆಯದೆಲ್ಲ ಅಳಿಸಿಹೋಗಿತ್ತು. ಕಸುಬನ್ನು ಮಾತ್ರ ಕೈ ಮರೆತಿರಲಿಲ್ಲ.

ಮನೆಗೆ ಬಂದವನು ಹಸುವಿನಂಥವನು. ಒಂದು ಸಂಜೆ ಅವಳ ಕೈ ನೋಡಿ, "ಯಾವ ಪಾಪಿ ಮಾಡಿದ್ದು ಇದು?" ಎಂದ.

"ನೀವೇ ರೀ."

"ನಾನಾ?"

"ಇನ್ಯಾರು, ಪಕ್ಕದ್ಮನೆಯವರಾ?" ಅವಳು ನಕ್ಕುಬಿಟ್ಟಳು. ಅವನು ಊಟ ಬಿಟ್ಟು ಎದ್ದ. ಆ ಹಳೆಯ ಗಂಡ ಸತ್ತನೆಂದೇ ಅವಳು ನಂಬಿದಳು; ಮದುವೆಯಾದಾಗಿನಿಂದ ಕಾಣದ ನಿದ್ದೆ ಕಂಡಳು.

ಹಲ್ಲು ಕಳೆದುಕೊಂಡ ಡ್ರೈವರ್ ನಂಬಲಿಲ್ಲ. ಮಧ್ಯಾಹ್ನ ಅವಳು ಬುತ್ತಿ ತಂದ ಹೊತ್ತಿಗೇ ಅಂಗಡಿಗೆ ನುಗ್ಗಿ, ಟೈರು ಬಿಚ್ಚುವ ಸಲಾಕೆ ಎತ್ತಿ ಬಾರಿಸಿದ. ಸುತ್ತಿಗೆಯ ಭುಜದಲ್ಲಿ ಏನೋ ಲಟಕ್ಕೆಂದಿತು.

"ಅಣ್ಣಾ, ನಂಗೆ ನೆನಪೇ ಇಲ್ಲ. ಅವನು ಬೇರೆ, ನಾನು..."

"ನಿಂಗೆ ನೆನಪಿಲ್ದಿದ್ರೆ ನನ್ನ ಹಲ್ಲು ಹುಟ್ಟುತ್ತೇನೋ?"

ಇನ್ನೊಂದು ಏಟು ಪಕ್ಕೆಗೆ, ಮತ್ತೊಂದು ಬಾಯಿಗೆ.

ನಾಲಿಗೆಗೆ ರಕ್ತದ ರುಚಿ ಹತ್ತಿದ್ದೇ ತಡ, ಸುತ್ತಿಗೆ ಎದ್ದು ನಿಂತ. ಡ್ರೈವರನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಹೆಬ್ಬೆರಳು ಎಲ್ಲಿ ಒತ್ತಬೇಕು, ಮೊಣಕಾಲು ಎಲ್ಲಿಗೆ ನುಗ್ಗಬೇಕು, ಯಾರೂ ಹೇಳಿಕೊಡಬೇಕಾಗಲಿಲ್ಲ. ಹೆಚ್ಚೇಕೆ, ಅವನಿಗೆ ಹಿತವೆನಿಸುತ್ತಿತ್ತು. ಡ್ರೈವರನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಡ್ರೈವರನ ಕೈಯಿಂದ ಬಿದ್ದಿದ್ದ ಸಲಾಕೆಯನ್ನು ಹೆಂಡತಿ ಎತ್ತಿಕೊಂಡು ಗಂಡನ ಬಲ ಮೊಣಕೈ ಮುರಿಯುವಂತೆ ಹೊಡೆದ ಮೇಲೆಯೇ ಹಿಡಿತ ಬಿಟ್ಟದ್ದು.

ಡ್ರೈವರ್ ಬದುಕಿಕೊಂಡ, ದನಿ ಮಾತ್ರ ಒಡೆದುಹೋಯಿತು.

ನೆಲಕ್ಕೆ ಕುಸಿದ ಗಂಡ, "ಅದು ನಾನಲ್ಲ ಕಣೇ" ಎನ್ನಲು ಹೋದ.

"ಹಸುವಿನಂಗಿದ್ದವನೂ ನೀವೇ, ಈ ರಾಕ್ಷಸನೂ ನೀವೇ," ಎಂದಳು ಅವಳು, ಏದುಸಿರು ಬಿಡುತ್ತ. "ಒಬ್ಬರನ್ನ ಇಟ್ಕೊಂಡು ಇನ್ನೊಬ್ಬರನ್ನ ಆಚೆ ಹಾಕೋಕೆ ಆಗಲ್ಲ ರೀ." ಅಲ್ಲಿಂದಲೇ ಅಕ್ಕನ ಮನೆಗೆ ಹೊರಟುಹೋದಳು.

ಕೇಸು ಕೋರ್ಟಿಗೆ ಹೋಯಿತು. ತಲೆಯ ಪೆಟ್ಟಿನ ಮಾತೆತ್ತಿದರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ವಕೀಲರು ಗಿಣಿಗೆ ಕಲಿಸಿದಂತೆ ಕಲಿಸಿದ್ದರು. ಅವನು ನ್ಯಾಯಾಧೀಶರ ಮುಂದೆ, "ಈಗ ಹೊಡೆದವನೂ ನಾನೇ, ಹಲ್ಲು ಉದುರಿಸಿದವನೂ ನಾನೇ, ಸ್ವಾಮಿ" ಎಂದುಬಿಟ್ಟ. ಈಗ ಸೆರೆಮನೆಯಲ್ಲಿ ಎಡಗೈಯಲ್ಲಿ ಉಣ್ಣುವುದನ್ನು ಕಲಿಯುತ್ತಿದ್ದಾನೆ.