ನೂರು ಹೆಜ್ಜೆಯಾಚೆ ನಿಲ್ಲುವ ಗೋಣಿಯಕ್ಕ

ಸುಗ್ಗಿ ಮುಗಿಯುತ್ತಾ ಬಂದಿದೆ, ಚಳಿ ಇನ್ನೂ ಬಿಟ್ಟಿಲ್ಲ. ಬೆಳಗಿನ ಆರಕ್ಕೆಲ್ಲ ಧಾನ್ಯದ ಲಾರಿಗಳು ದೂಳೆಬ್ಬಿಸಿಕೊಂಡು ಮಾರುಕಟ್ಟೆಯತ್ತ ಹೊರಟಿವೆ. ಅದೇ ರಸ್ತೆಯ ಸರ್ಕಾರಿ ಕಚೇರಿಯೆದುರು, ಐವತ್ತೆಂಟರ ಹೆಂಗಸೊಬ್ಬರು ದೀಪದ ಕಂಬಕ್ಕೆ ಒರಗಿಸಿದ ಹಲಗೆಯನ್ನೆತ್ತಿ, ಶಾಲಿನ ತುದಿಯಿಂದ ಇಬ್ಬನಿ ಒರೆಸಿ, ಎದೆಗಾನಿಸಿಕೊಂಡು ನಿಲ್ಲುತ್ತಾರೆ. 'ಕೂಡಿ ನಿಂತು ಕೇಳುವ ಹಕ್ಕು ನಮ್ಮದು' ಎಂದು ಹಲಗೆಯ ಮೇಲೆ ಬರೆದಿದೆ. ಕೂಡಿ ನಿಂತವರು ಮಾತ್ರ ಯಾರೂ ಇಲ್ಲ.

ಕಾವಲಿನ ಪೊಲೀಸಿನವನು ಕೈ ಉಜ್ಜಿಕೊಳ್ಳುತ್ತಾ ಬರುತ್ತಾನೆ. "ಏನಮ್ಮಾ, ಇವತ್ತೂ ಒಬ್ಬರೇನಾ?"

"ದೂರ ನಿಲ್ಲಪ್ಪ. ಇಬ್ಬರಾದ್ರೆ ನಿನ್ನ ಮೇಲೂ ಕೇಸ್ ಬೀಳುತ್ತೆ."

ಅವನು ನಗುತ್ತಾನೆ, ಆದರೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ.

ಮಾರುಕಟ್ಟೆಯಲ್ಲಿ ಹರಿದ ಚೀಲಗಳನ್ನು ಹೊಲಿಯುವ ಇವರನ್ನು ಎಲ್ಲರೂ ಗೋಣಿಯಕ್ಕ ಎನ್ನುತ್ತಾರೆ. ಏಳಕ್ಕೆ ಹಲಗೆ ಇಳಿಸಿ ಶೆಡ್ಡಿಗೆ ಹೋದರೆ ಸಂಜೆಯೊಳಗೆ ನೂರಿಪ್ಪತ್ತು ಚೀಲ ಹೊಲಿಯಬೇಕು. ದಬ್ಬಳ ಹಿಡಿದು ಹಿಡಿದು ಬಲಗೈ ಹೆಬ್ಬೆರಳು ಕಲ್ಲಿನಂತಾಗಿದೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗಳು ಗಂಡನ ಮನೆಯಿಂದ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಮಾತು: "ನಿನಗ್ಯಾಕಮ್ಮಾ ಈ ಉಸಾಬರಿ?"

ಉಸಾಬರಿಗೆ ಕಾರಣವಿದೆ. ಹನ್ನೊಂದು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. "ಬೆಳಗಿಂದ ಸಂಜೆತನಕ ನೀರು ಕುಡೀತಿರಲಿಲ್ಲ ನಾವು. ಹದಿನೆಂಟು ಜನ ಇದೇ ಗೇಟಿನ ಮುಂದೆ ಒಂಬತ್ತು ದಿನ ನಿಂತ್ವಿ. ಹತ್ತನೇ ದಿನ ಇಟ್ಟಿಗೆ ಬಂತು. ಒಬ್ಬಳೇ ನಿಂತಿದ್ರೆ ಹುಚ್ಚಿ ಅಂತಿದ್ರು."

ಈಗಿನ ಕಾನೂನಿನಲ್ಲಿ ಆ ಹದಿನೆಂಟು ಮಂದಿ ನಿಲ್ಲುವಂತಿಲ್ಲ. ಒಂದೇ ಬೇಡಿಕೆಯವರು ಇಬ್ಬರು ನೂರು ಹೆಜ್ಜೆಯೊಳಗಿದ್ದರೆ ಅದು ಗುಂಪು. ಗುಂಪಿಗೆ ಅನುಮತಿ ಬೇಕು. ಕಾನೂನು ಬಂದ ಈ ಹದಿನಾಲ್ಕು ತಿಂಗಳಲ್ಲಿ ಈ ಊರಿನವರಿಗೆ ಒಂದು ಅನುಮತಿಯೂ ಸಿಕ್ಕಿಲ್ಲ. ಅದಕ್ಕೇ ಇವರದು ಪಾಳಿ. ಒಬ್ಬರು ಹಲಗೆ ಒರಗಿಸಿಟ್ಟು ದೂರ ಹೋದ ಮೇಲೆ ಮತ್ತೊಬ್ಬರು ಬಂದು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಡುವಂತಿಲ್ಲ. ಶುರುವಿನಲ್ಲಿ ಹತ್ತೊಂಬತ್ತು ಜನ ಇದ್ದರು. ಹದಿನಾಲ್ಕು ತಿಂಗಳು ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡದೆ ಎಷ್ಟು ಜನ ಉಳಿದಾರು? ಈಗ ಉಳಿದವರು ಗೋಣಿಯಕ್ಕ ಮತ್ತು ನಿವೃತ್ತ ಅಂಚೆಯಣ್ಣ, ಇಬ್ಬರೇ. ಶೆಡ್ಡಿನ ಹೆಂಗಸರೂ ಈಚೆಗೆ ಇವರಿಂದ ಸ್ವಲ್ಪ ಸರಿದೇ ಕೂರುತ್ತಾರೆ.

ಹೋದ ತಿಂಗಳು ಅಂಚೆಯಣ್ಣ ಹಲಗೆ ಎತ್ತಿದವರೇ ತಲೆ ತಿರುಗಿ ಕುಸಿದರು. ಆಗಲೇ ರಸ್ತೆ ದಾಟಿ ನೂರು ಹೆಜ್ಜೆ ಆಚೆ ಹೋಗಿದ್ದ ಗೋಣಿಯಕ್ಕ ಓಡಿಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗೇಟಿನ ಕ್ಯಾಮೆರಾದಲ್ಲಿ ಕಂಡದ್ದು ಒಂದು ಹಲಗೆ, ಇಬ್ಬರು ಜನ. ಕೇಸಾಯಿತು. "ಅವರಿಗೆ ಆಸ್ಪತ್ರೆ ಚೀಟಿ ಇತ್ತು, ಬಿಟ್ರು. ಹಿಡ್ಕೊಂಡವಳಿಗೆ ಯಾವ ಡಾಕ್ಟ್ರು ಚೀಟಿ ಕೊಡ್ತಾರೆ?"

ದಂಡ ಕಟ್ಟಬೇಕು, ಇಲ್ಲವೇ ಹತ್ತು ದಿನ ಜೈಲು. ಶುಕ್ರವಾರ ಕೊನೆಯ ದಿನ. ಹಣ ಕೊಡುತ್ತೇನೆಂದು ಅಂಚೆಯಣ್ಣ ದಿನವೂ ರಸ್ತೆಯಾಚೆ ನೂರು ಹೆಜ್ಜೆ ದೂರದಿಂದಲೇ ಕೂಗುತ್ತಾರೆ.

"ತಂಗೀ, ಹಟ ಮಾಡಬೇಡ! ನನ್ನಿಂದ ಆದದ್ದು, ನಾನು ಕಟ್ತೀನಿ!"

"ನೀವು ಮೊದಲು ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಬನ್ನಿ ಅಣ್ಣಾ! ಮತ್ತೆ ಬಿದ್ರೆ ಓಡಿಬರೋಕೆ ನನಗೆ ಮಂಡಿ ನೋವು!"

ಶುಕ್ರವಾರ ಮಧ್ಯಾಹ್ನ ಅರ್ಧ ದಿನದ ಕೂಲಿ ಬಿಟ್ಟು ಗೋಣಿಯಕ್ಕ ನ್ಯಾಯಾಲಯದ ಕಿಟಕಿಯೆದುರು ನಿಂತಿದ್ದಾರೆ. ಶಾಲಿನ ಗಂಟಿನಲ್ಲಿ ತಾವೇ ದುಡಿದ ದುಡ್ಡಿದೆ. ಗುಮಾಸ್ತ ಕಾಗದ ತಳ್ಳುತ್ತಾನೆ. "ಇಲ್ಲಿ ಸಹಿ ಮಾಡಿ, ಕಟ್ಟಿ, ಮನೆಗೆ ಹೋಗಿ."

ಅವರು ನಿಧಾನವಾಗಿ, ಬೆರಳಿಟ್ಟು ಓದುತ್ತಾರೆ. "'ಗುಂಪು ಕಟ್ಟಿದ್ದು ನಿಜ' ಅಂತಿದೆಯಲ್ಲ ಸ್ವಾಮಿ. ಅದನ್ನ ಹೊಡೆದುಹಾಕಿ 'ಬಿದ್ದವರನ್ನ ಹಿಡ್ಕೊಂಡೆ' ಅಂತ ಬರೀರಿ. ಈಗಲೇ ಕಟ್ತೀನಿ."

"ಹಾಗೆಲ್ಲ ಬರೆಯೋಕೆ ಜಾಗ ಇಲ್ಲಮ್ಮಾ."

"ಜಾಗ ಇಲ್ವಾ?"

"ಇಲ್ಲ."

ಗೋಣಿಯಕ್ಕ ಕಾಗದವನ್ನು ಹಾಗೇ ಹಿಂದಕ್ಕೆ ತಳ್ಳುತ್ತಾರೆ. ಗಂಟು ಬಿಚ್ಚುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ. ಸೋಮವಾರ ಕರೆದುಕೊಂಡು ಹೋಗುತ್ತಾರಂತೆ. ಭಯವಿಲ್ಲವೇ ಎಂದರೆ, ಇದೆ ಎನ್ನುತ್ತಾರೆ. ಚಿಂತೆ ಮಾತ್ರ ಬೇರೆ.

"ಅಣ್ಣನ ಕೈಲಿ ಎರಡು ಪಾಳಿ ಆಗಲ್ಲ. ಹತ್ತು ದಿನ, ಆರರಿಂದ ಏಳು. ಯಾರಾದ್ರೂ ಒಬ್ಬರು ಬಂದ್ರೆ ಸಾಕು. ಮಾತಾಡಬೇಕಾಗಿಲ್ಲ, ಕೂಗಬೇಕಾಗಿಲ್ಲ. ಸುಮ್ನೆ ನಿಂತ್ಕೊಂಡ್ರೆ ಆಯ್ತು."